ಬೆವರು, ಗಾಳಿ, ಮಳೆ: ಹೊರಸಂಚಾರದ ಉಡುಪಿಗೆ ಬಟ್ಟೆಯ ಆಯ್ಕೆ

(ಉಪಾಧ್ಯಾಯರ ಪುನಶ್ಚೇತನ ಶಿಬಿರಕ್ಕಾಗಿ ಸಿದ್ಧಪಡಿಸಿದ ಉಪನ್ಯಾಸದ ಪಾಠ)



ಡಿಸೆಂಬರ್ ತಿಂಗಳಿನಲ್ಲಿ ಬಯಲುಸೀಮೆಯ ಶಾಲೆಯೊಂದರ ಮಕ್ಕಳು ನೀಲಗಿರಿಯ ಬೆಟ್ಟಕ್ಕೆ ಪ್ರವಾಸ ಹೊರಟಿರುವ ಸಂದರ್ಭವನ್ನು ಕಲ್ಪಿಸಿಕೊಳ್ಳಬಹುದು. ಬೆಳಗಿನ ಬಿಸಿಲು ಹಿತವಾಗಿದೆ. ಬಸ್ಸಿನಿಂದ ಇಳಿದ ಮಕ್ಕಳು ಪೈಪೋಟಿಯಿಂದ ಓಡುತ್ತ ಏರು ಹತ್ತುತ್ತಾರೆ. ಅರ್ಧ ದಾರಿಯಲ್ಲಿಯೇ ಹತ್ತಿಯ ಬನಿಯನ್ನು ಬೆವರಿನಿಂದ ತೊಯ್ದು ಬೆನ್ನಿಗೆ ಅಂಟಿಕೊಂಡಿರುತ್ತದೆ. ತುದಿಯನ್ನು ತಲುಪಿ ನಿಂತ ಕೂಡಲೇ ಮೋಡ ಕವಿಯುತ್ತದೆ, ಗಾಳಿ ಬೀಸತೊಡಗುತ್ತದೆ. ಸ್ವಲ್ಪ ಹೊತ್ತಿನಲ್ಲಿಯೇ ಒಂದಿಬ್ಬರು ಮಕ್ಕಳ ಹಲ್ಲು ಕಟಕಟಿಸುತ್ತದೆ. ಉಪಾಧ್ಯಾಯರು ಚೀಲದಿಂದ ಸ್ವೆಟರ್ ತೆಗೆದು ಹಾಕಿಸುತ್ತಾರೆ. ಆದರೂ ನಡುಕ ನಿಲ್ಲುವುದಿಲ್ಲ. ಒಂದು ಮಗುವಂತೂ ಮಾತನ್ನೇ ನಿಲ್ಲಿಸಿ ಮೂಲೆಯಲ್ಲಿ ಮುದುಡಿ ಕೂರುತ್ತದೆ.

ಈ ಸ್ಥಿತಿಗೆ ಸ್ವೆಟರ್ ತೆಳುವಾದುದು ಕಾರಣವಲ್ಲ. ಅದರ ಒಳಗೆ ಒದ್ದೆಯಾದ ಬನಿಯನ್ನು ಹಾಗೆಯೇ ಉಳಿದುದು ಕಾರಣ. ಹೊರಸಂಚಾರದ ಉಡುಪಿನ ವಿಚಾರದಲ್ಲಿ ಸಾಮಾನ್ಯವಾಗಿ ಕೇಳುವ ಪ್ರಶ್ನೆ ‘ಎಷ್ಟು ದಪ್ಪದ ಬಟ್ಟೆ?’ ಎಂಬುದು. ಕೇಳಬೇಕಾದ ಪ್ರಶ್ನೆ ಬೇರೆ: ‘ಮೈಯಿಂದ ಹೊರಟ ನೀರು ಎಲ್ಲಿಗೆ ಹೋಗುತ್ತದೆ?’ ಈ ಒಂದು ಪ್ರಶ್ನೆಯನ್ನು ಹಿಡಿದು ಹೊರಟರೆ ಬಟ್ಟೆಯ ಆಯ್ಕೆಯ ಎಲ್ಲ ಗಂಟುಗಳೂ ಒಂದೊಂದಾಗಿ ಬಿಡುತ್ತವೆ. ಅದಕ್ಕೆ ದುಬಾರಿ ಬೆಲೆಯ ಉಡುಪು ಬೇಕೆಂದೇನೂ ಇಲ್ಲ ಎಂಬುದೂ ತಿಳಿಯುತ್ತದೆ.

ಮೊದಲು ಎತ್ತರದ ಲೆಕ್ಕವನ್ನು ನೋಡಬಹುದು. ಸೊಲ್ಲಾಪುರ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ. ನೀಲಗಿರಿಯ ದೊಡ್ಡಬೆಟ್ಟದ ಎತ್ತರ 2,637 ಮೀಟರ್. ಮೇಲೇರಿದಂತೆ ಪ್ರತಿ 1,000 ಮೀಟರಿಗೆ ಗಾಳಿಯ ಉಷ್ಣತೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್‌ನಂತೆ ಇಳಿಯುತ್ತದೆ. ಎತ್ತರದ ಅಂತರವೊಂದರಿಂದಲೇ ಈ ಎರಡು ಸ್ಥಳಗಳ ನಡುವೆ ಸುಮಾರು 14 ಡಿಗ್ರಿಗಳ ವ್ಯತ್ಯಾಸ ಉಂಟಾಗುತ್ತದೆ. ಊರಿನಲ್ಲಿ ಹಿತವೆನಿಸಿದ ಅಂಗಿ ಅಲ್ಲಿ ಸಾಲದೆ ಹೋಗುವುದು ಸಹಜ. ಆದರೆ ಬರಿಯ ಚಳಿಯನ್ನು ಮಕ್ಕಳ ಮೈ ಬಹಳ ಮಟ್ಟಿಗೆ ತಾಳಿಕೊಳ್ಳುತ್ತದೆ. ಚಳಿಯ ಜೊತೆಗೆ ನೀರು ಸೇರಿದಾಗ ಸಂಗತಿ ಬದಲಾಗುತ್ತದೆ.

ನೀರು ಎರಡು ಬಗೆಯಲ್ಲಿ ಮೈಯ ಬಿಸಿಯನ್ನು ಕದಿಯುತ್ತದೆ. ನಿಂತ ಗಾಳಿಗಿಂತ ನೀರು ಸುಮಾರು 25 ಪಟ್ಟು ಹೆಚ್ಚು ಸುಲಭವಾಗಿ ಉಷ್ಣವನ್ನು ಸಾಗಿಸುತ್ತದೆ. ಇದು ಮೊದಲನೆಯ ಬಗೆ. ಬಟ್ಟೆಯ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ಮೈಯನ್ನು ಬೆಚ್ಚಗಿಡುವ ವಸ್ತು. ಬಟ್ಟೆ ಆ ಗಾಳಿಯನ್ನು ಹಿಡಿದಿಡುವ ಬುಟ್ಟಿ ಮಾತ್ರ. ಆ ಗಾಳಿಯ ಜಾಗವನ್ನು ನೀರು ಆಕ್ರಮಿಸಿದರೆ ಬುಟ್ಟಿ ಇದ್ದೂ ಇಲ್ಲದಂತಾಗುತ್ತದೆ. ನೀರು ಆವಿಯಾಗುವುದು ಎರಡನೆಯ ಬಗೆ. ಒಂದು ಗ್ರಾಂ ನೀರು ಚರ್ಮದ ಉಷ್ಣತೆಯಲ್ಲಿ ಆವಿಯಾಗಲು ಸುಮಾರು 2,400 ಜೂಲ್ ಉಷ್ಣ ಬೇಕು.

ಇದನ್ನು ಪ್ರೌಢಶಾಲೆಯ ಮಕ್ಕಳಿಂದಲೇ ಲೆಕ್ಕ ಮಾಡಿಸಬಹುದು. ಒಂದು ಬನಿಯನ್ನಿನಲ್ಲಿ 100 ಗ್ರಾಂ ಬೆವರು ನಿಂತಿದೆಯೆಂದು ಇಟ್ಟುಕೊಂಡರೆ, ಅದು ಪೂರ್ತಿ ಆರಲು 2,40,000 ಜೂಲ್ ಬೇಕು. ಮಾನವ ಶರೀರದ ಒಂದು ಕಿಲೋಗ್ರಾಂ ತೂಕವನ್ನು ಒಂದು ಡಿಗ್ರಿಯಷ್ಟು ಬಿಸಿ ಮಾಡಲು ಸುಮಾರು 3,500 ಜೂಲ್ ಬೇಕಾಗುವುದರಿಂದ, 30 ಕಿಲೋಗ್ರಾಂ ತೂಕದ ಮಗುವಿಗೆ 1,05,000 ಜೂಲ್ ಆಗುತ್ತದೆ. ಬನಿಯನ್ನು ಆರುವುದಕ್ಕೆ ಬೇಕಾದ ಉಷ್ಣವೆಲ್ಲ ಮಗುವಿನ ಮೈಯಿಂದಲೇ ಹೋಗಿ, ಮೈ ಹೊಸದಾಗಿ ಬಿಸಿಯನ್ನು ಹುಟ್ಟಿಸದೆ ಇದ್ದರೆ, ಮೈಯ ಉಷ್ಣತೆ ಎರಡು ಡಿಗ್ರಿಗಿಂತ ಹೆಚ್ಚು ಇಳಿಯುತ್ತದೆ. ವಾಸ್ತವದಲ್ಲಿ ಅಷ್ಟು ಇಳಿಯುವುದಿಲ್ಲ. ಆ ಉಷ್ಣದ ಒಂದು ಪಾಲು ಸುತ್ತಲಿನ ಗಾಳಿಯಿಂದ ಬರುತ್ತದೆ. ಉಳಿದುದನ್ನು ಮೈ ತಾನು ತಿಂದ ಅನ್ನದಿಂದ ತುಂಬಿಕೊಡುತ್ತದೆ. ನಡುಕವೆಂಬುದು ಮೈ ಆ ಸಾಲವನ್ನು ತೀರಿಸುವ ಬಗೆ. ಆದರೆ ಶರೀರದ ಒಳಗಿನ ಉಷ್ಣತೆ 37 ಡಿಗ್ರಿಯಿಂದ 35ಕ್ಕಿಂತ ಕೆಳಗಿಳಿದರೆ ವೈದ್ಯರು ಅದನ್ನು ಅಪಾಯದ ಸ್ಥಿತಿಯೆಂದೇ ಗಣಿಸುತ್ತಾರೆ. ಮಾತು ತೊದಲುವುದು, ಕೈ ತಡವರಿಸುವುದು, ಮಂಕಾಗಿ ಕೂರುವುದು ಅದರ ಲಕ್ಷಣಗಳು. ಮೂಲೆಯಲ್ಲಿ ಮುದುಡಿ ಕೂತ ಮಗುವನ್ನು ‘ದಣಿದಿದೆ’ ಎಂದು ಸುಮ್ಮನೆ ಬಿಡಬಾರದು ಎಂಬುದಕ್ಕೆ ಇದೇ ಕಾರಣ. ಮೊದಲು ಒದ್ದೆ ಬಟ್ಟೆಯನ್ನು ಕಳಚಿಸಿ, ಒಣಬಟ್ಟೆ ತೊಡಿಸಿ, ಗಾಳಿಗೆ ಮರೆ ಮಾಡಿ, ಬಿಸಿಯಾದ ಸಿಹಿಪಾನೀಯವನ್ನು ಕೊಡಬೇಕು. ಚೇತರಿಕೆ ಕಾಣದಿದ್ದರೆ ತಡಮಾಡದೆ ವೈದ್ಯರ ಬಳಿಗೆ ಒಯ್ಯಬೇಕು. ಒದ್ದೆಯ ಮೇಲೆ ಇನ್ನೊಂದು ಬಟ್ಟೆ ಹೊದಿಸುವುದು ಎರಡನೆಯ ಮಾತು.

ಹಾಗಾದರೆ ಹತ್ತಿ ಕೆಟ್ಟ ಬಟ್ಟೆಯೇ? ಆದವಾನಿಯ ಹತ್ತಿ ಮಾರುಕಟ್ಟೆಯ ನೆರಳಿನಲ್ಲಿ, ಸೊಲ್ಲಾಪುರದ ಚಾದರ ಮತ್ತು ಟವೆಲುಗಳ ನಡುವೆ ಬೆಳೆದ ಮಕ್ಕಳಿಗೆ ಹಾಗೆ ಹೇಳುವುದು ಅನ್ಯಾಯ ಮಾತ್ರವಲ್ಲ, ತಪ್ಪು ಕೂಡ. ಬೆವರನ್ನು ಹೀರಿ ಹಿಡಿದುಕೊಂಡು ನಿಧಾನವಾಗಿ ಆರಿಸುವ ಗುಣ ಹತ್ತಿಗಿದೆ. ಮಡಕಶಿರದ ಏಪ್ರಿಲ್ ಬಿಸಿಲಿನಲ್ಲಿ, ರಾಯದುರ್ಗದ ಬಯಲಿನಲ್ಲಿ ಇದಕ್ಕಿಂತ ಬೇಕಾದ ಗುಣ ಬೇರೊಂದಿಲ್ಲ. ಅಲ್ಲಿ ಮೈಯ ಬಿಸಿ ಹೊರಹೋಗಬೇಕು. ಹತ್ತಿ ಆ ಕೆಲಸವನ್ನು ಮಾಡಿಕೊಡುತ್ತದೆ. ಹೊಲದ ರೈತನು ತಲೆಗೆ ಸುತ್ತಿದ ರುಮಾಲನ್ನು ನೀರಿನಲ್ಲಿ ಅದ್ದಿ ಮತ್ತೆ ಸುತ್ತಿಕೊಳ್ಳುವುದು ಇದೇ ತತ್ತ್ವದಿಂದ. ಮಣ್ಣಿನ ಮಡಕೆಯ ನೀರು ತಣ್ಣಗಾಗುವುದೂ ಹೀಗೆಯೇ. ಬಿಸಿಲುನಾಡಿನಲ್ಲಿ ಕಾಯುವ ಗುಣವೇ ಬೆಟ್ಟದ ಗಾಳಿಯಲ್ಲಿ ಕಾಡುವ ದೋಷವಾಗುತ್ತದೆ. ಬಟ್ಟೆ ಅದೇ, ಮೈ ಅದೇ, ಬದಲಾದುದು ಸ್ಥಳ. ಆದ್ದರಿಂದ ಮಕ್ಕಳಿಗೆ ಕಲಿಸಬೇಕಾದುದು ಒಳ್ಳೆಯ ಬಟ್ಟೆಗಳ ಮತ್ತು ಕೆಟ್ಟ ಬಟ್ಟೆಗಳ ಪಟ್ಟಿಯನ್ನಲ್ಲ. ಯಾವ ಎಳೆ ನೀರನ್ನು ಹೇಗೆ ನಡೆಸಿಕೊಳ್ಳುತ್ತದೆ ಎಂಬ ತಿಳಿವಳಿಕೆಯನ್ನು.

ಈ ತಿಳಿವಳಿಕೆಗೆ ಕನ್ನಡದಲ್ಲಿಯೇ ಎರಡು ಸಿದ್ಧವಾದ ಮಾತುಗಳಿವೆ: ‘ಒದ್ದೆ’ ಮತ್ತು ‘ತೇವ’. ಹಿಂಡಿದರೆ ನೀರು ಸುರಿಯುವಂಥದು ಒದ್ದೆ. ನೀರು ಕಾಣದೆ, ಒಳಗೆ ಮಾತ್ರ ಪಸೆ ಇರುವಂಥದು ತೇವ. ಪ್ರತಿಯೊಂದು ಎಳೆಯೂ ಗಾಳಿಯಲ್ಲಿರುವ ನೀರಾವಿಯನ್ನು ತನ್ನ ಶಕ್ತಿಗೆ ತಕ್ಕಷ್ಟು ಒಳಗೆ ಎಳೆದುಕೊಳ್ಳುತ್ತದೆ. ಸಾಧಾರಣ ಹವೆಯಲ್ಲಿ, ಎಂದರೆ ಗಾಳಿಯ ಸಾಪೇಕ್ಷ ಆರ್ದ್ರತೆ 65 ಶೇಕಡ ಇರುವಾಗ, 100 ಗ್ರಾಂ ಒಣ ಉಣ್ಣೆ ಸುಮಾರು 16 ಗ್ರಾಂ, ರೇಷ್ಮೆ ಸುಮಾರು 11 ಗ್ರಾಂ, ಹತ್ತಿ ಸುಮಾರು 8 ಗ್ರಾಂ, ನೈಲಾನ್ ಸುಮಾರು 4 ಗ್ರಾಂ ತೇವವನ್ನು ಹಿಡಿದಿರುತ್ತವೆ. ಪಾಲಿಯೆಸ್ಟರ್ ಅರ್ಧ ಗ್ರಾಂ ಕೂಡ ಹಿಡಿಯುವುದಿಲ್ಲ.

ಈ ಪಟ್ಟಿಯನ್ನು ನೋಡಿದವರಿಗೆ ಒಂದು ಸಂದೇಹ ಹುಟ್ಟುವುದು ನ್ಯಾಯವೇ. ಹತ್ತಿಗಿಂತ ಉಣ್ಣೆ ಹೆಚ್ಚು ತೇವವನ್ನು ಹೀರುವುದಾದರೆ, ಚಳಿಗೆ ಉಣ್ಣೆ ಹೇಗೆ ಮೇಲು? ಉಣ್ಣೆಯ ಎಳೆಯ ರಚನೆಯಲ್ಲಿ ಇದಕ್ಕೆ ಉತ್ತರವಿದೆ. ಆ ಎಳೆಯ ಹೊರಮೈ ಮೀನಿನ ಹುರುಪೆಗಳಂಥ ಸಣ್ಣ ಪೊರೆಗಳಿಂದ ಮುಚ್ಚಿರುತ್ತದೆ. ನೀರಿನ ಹನಿಯನ್ನು ಅದು ದೂರ ತಳ್ಳುತ್ತದೆ. ನೀರಾವಿಯನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುತ್ತದೆ. ಹೀಗೆ ಉಣ್ಣೆ ತನ್ನ ತೂಕದ ಸುಮಾರು ಮೂರನೆಯ ಒಂದು ಪಾಲಿನಷ್ಟು ತೇವವನ್ನು ಒಳಗೊಂಡೂ ಕೈಗೆ ಒದ್ದೆಯೆನಿಸುವುದಿಲ್ಲ. ಎಳೆಯ ಸಹಜವಾದ ಸುರುಳಿ ಗಾಳಿಯ ಗೂಡುಗಳನ್ನು ಹಾಗೆಯೇ ಉಳಿಸಿಕೊಳ್ಳುತ್ತದೆ. ಅಷ್ಟೇ ಅಲ್ಲ, ಆವಿಯನ್ನು ಹೀರುವಾಗ ಉಣ್ಣೆ ಸ್ವಲ್ಪ ಉಷ್ಣವನ್ನು ಹೊರಗೆ ಬಿಡುತ್ತದೆ. ಹತ್ತಿಯ ಎಳೆಯಾದರೋ ಹನಿಯನ್ನೇ ಕುಡಿದು, ಮೆತ್ತಗಾಗಿ, ಗಾಳಿಯ ಗೂಡುಗಳನ್ನು ಮುಚ್ಚಿ, ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಉಣ್ಣೆ ತೇವವಾಗುತ್ತದೆ, ಹತ್ತಿ ಒದ್ದೆಯಾಗುತ್ತದೆ ಎಂದರೆ ಒಂದು ಇಡೀ ಪಾಠವನ್ನು ಹೇಳಿದಂತಾಯಿತು. ಆದರೂ ಸುರಿಮಳೆಯಲ್ಲಿ ಬಹಳ ಹೊತ್ತು ನೆನೆದರೆ ಉಣ್ಣೆಯೂ ಒದ್ದೆಯಾಗಿ ಭಾರವಾಗುತ್ತದೆ ಎಂಬುದನ್ನು ಮರೆಯಬಾರದು.

ಈ ವಿಜ್ಞಾನವನ್ನು ಪುಸ್ತಕವಿಲ್ಲದೆ ಬಲ್ಲವರು ಗಡಿನಾಡಿನಲ್ಲಿಯೇ ಇದ್ದಾರೆ. ದಖ್ಖನ್ ಪ್ರಸ್ಥಭೂಮಿಯ ಕುರಿಯ ಉಣ್ಣೆ ಒರಟು, ಬಹುಮಟ್ಟಿಗೆ ಕಪ್ಪು. ಅದನ್ನು ಕೈಯಿಂದ ನೂತು, ಹಾಸಿನ ನೂಲಿಗೆ ಹುಣಸೆಬೀಜದ ಗಂಜಿಯನ್ನು ಉಣಿಸಿ, ಕುಣಿಮಗ್ಗದಲ್ಲಿ ಕುರುಬರು ನೇಯುವ ಕಂಬಳಿ ಹಾಸಿಗೆಯೂ ಆಗುತ್ತದೆ, ಹೊದಿಕೆಯೂ ಆಗುತ್ತದೆ. ಮಳೆ ಬಂದಾಗ ಅದನ್ನೇ ಮಡಿಸಿ ತಲೆಯ ಮೇಲೆ ಕೊಪ್ಪೆ ಹಾಕಿಕೊಂಡರೆ ನೀರು ಹೊರಮೈಯಿಂದ ಜಾರಿಹೋಗುತ್ತದೆ. ಜತ್ತ, ಅಕ್ಕಲಕೋಟೆಗಳ ಕಡೆ ಕುರಿಗಾಹಿಗಳ ಹೆಗಲ ಮೇಲೆ ಇಂದಿಗೂ ಕಾಣುವ ಈ ಹೊದಿಕೆ ಗಾಳಿಗೂ ಚಳಿಗೂ ಹದವಾದ ಮಳೆಗೂ ಒದಗುವ ಒಂದು ಪೂರ್ಣ ಹೊರಪದರ. ಅದನ್ನು ಬರಿಮೈಗೆ ಹೊದ್ದರೆ ಚುಚ್ಚುವುದಕ್ಕೂ ಕಾರಣವಿದೆ. ಎಳೆಯ ದಪ್ಪ ಸುಮಾರು 30 ಮೈಕ್ರಾನ್ ದಾಟಿದರೆ ಅದರ ತುದಿ ಬಾಗದೆ ಚರ್ಮವನ್ನು ಚುಚ್ಚುತ್ತದೆ. 20 ಮೈಕ್ರಾನಿಗಿಂತ ನವುರಾದ ಮೆರಿನೋ ಉಣ್ಣೆ ಚುಚ್ಚುವುದಿಲ್ಲ; ಅದನ್ನು ಒಳ ಉಡುಪಿಗೆ ಬಳಸುತ್ತಾರೆ. ಒಂದೇ ಉಣ್ಣೆಯಲ್ಲಿ ಒಂದು ಬಗೆ ಹೊರಗೆ, ಇನ್ನೊಂದು ಬಗೆ ಒಳಗೆ.

ಪದರಗಳ ವಿಚಾರ ಇಲ್ಲಿಂದ ಆರಂಭವಾಗುತ್ತದೆ. ಹೊರಸಂಚಾರದ ಉಡುಪಿಗೆ ಮೂರು ಕೆಲಸಗಳಿವೆ. ಚರ್ಮದ ಮೇಲಿನ ಬೆವರನ್ನು ಎತ್ತಿ ಹೊರಗೆ ಸಾಗಿಸುವುದು ಒಳಪದರದ ಕೆಲಸ. ಗಾಳಿಯನ್ನು ಹಿಡಿದಿಟ್ಟು ಬಿಸಿಯನ್ನು ಕಾಯುವುದು ನಡುಪದರದ ಕೆಲಸ. ಬೀಸುಗಾಳಿಯನ್ನೂ ಮಳೆಯನ್ನೂ ತಡೆಯುವುದು ಹೊರಪದರದ ಕೆಲಸ. ಮೂರನ್ನೂ ಒಂದೇ ದಪ್ಪ ಬಟ್ಟೆಗೆ ವಹಿಸಿದರೆ ಒಂದು ಕೆಲಸವೂ ಸರಿಯಾಗಿ ನಡೆಯುವುದಿಲ್ಲ. ಬಿಸಿಯೆನಿಸಿದಾಗ ಅದನ್ನು ತೆಗೆದರೆ ಎಲ್ಲವನ್ನೂ ಒಮ್ಮೆಲೇ ತೆಗೆದಂತಾಗುತ್ತದೆ. ಪದರಗಳಿದ್ದರೆ ಒಂದನ್ನು ತೆಗೆದು ಇನ್ನೊಂದನ್ನು ಉಳಿಸಿಕೊಳ್ಳಬಹುದು.

ಇದು ಇಂದಿನ ಅಂಗಡಿಗಳು ಕಂಡುಹಿಡಿದ ಉಪಾಯವೆಂದು ಭಾವಿಸಬೇಕಾಗಿಲ್ಲ. 1924ರ ಜೂನ್ 8ರಂದು ಎವರೆಸ್ಟ್ ಶಿಖರದ ಸಮೀಪ ಕಣ್ಮರೆಯಾದ ಜಾರ್ಜ್ ಮ್ಯಾಲರಿಯ ಶವ 1999ರ ಮೇ 1ರಂದು 8,100 ಮೀಟರಿಗೂ ಮೇಲೆ ದೊರೆಯಿತು. ಆತನ ಮೈಮೇಲೆ ಉಳಿದಿದ್ದ ಬಟ್ಟೆಯ ತುಣುಕುಗಳಿಂದ ಒಂದು ಚರಿತ್ರೆಯೇ ಹೊರಬಂದಿತು. ಹತ್ತಿ, ರೇಷ್ಮೆ, ಉಣ್ಣೆಗಳ ಹಲವು ತೆಳುಪದರಗಳು, ಅವುಗಳ ಮೇಲೆ ಗ್ಯಾಬರ್ಡಿನ್ ಎಂಬ ಒತ್ತಾದ ಹತ್ತಿಬಟ್ಟೆಯ ಕೋಟು ಆತನ ಉಡುಪಾಗಿತ್ತು. ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಮೇರಿ ರೋಸ್ ಮತ್ತು ಉಡುಪು ತಯಾರಿಕೆಯಲ್ಲಿ ಪಳಗಿದ ಮೈಕ್ ಪಾರ್ಸನ್ಸ್ ಇವರ ನೇತೃತ್ವದಲ್ಲಿ ಆ ಉಡುಪನ್ನು ಎಳೆಯೆಳೆಯಾಗಿ ಪರೀಕ್ಷಿಸಿ ಹೊಸದಾಗಿ ನೇಯಿಸಿ ಹೊಲಿಸಲಾಯಿತು. 2006ರಲ್ಲಿ ಗ್ರಹಾಂ ಹೊಯ್ಲೆಂಡ್ ಎಂಬ ಪರ್ವತಾರೋಹಿ ಅದನ್ನು ತೊಟ್ಟು ಎವರೆಸ್ಟಿನ ಇಳಿಜಾರಿನಲ್ಲಿ ನಡೆದು ನೋಡಿದನು. ಹಳೆಯ ಉಡುಪು ಹಗುರವಾಗಿಯೂ ನಡೆಯಲು ಸರಾಗವಾಗಿಯೂ ಇತ್ತು. ನುಣುಪಾದ ರೇಷ್ಮೆಯ ಪದರಗಳು ಒಂದರ ಮೇಲೊಂದು ಜಾರುತ್ತಿದ್ದುದರಿಂದ ಕೈಕಾಲುಗಳ ಚಲನೆಗೆ ಅಡ್ಡಿಯಾಗುತ್ತಿರಲಿಲ್ಲ. ಹಳಬರು ಸಾಧಾರಣ ಕೋಟು ತೊಟ್ಟು ಹಿಮಕ್ಕೆ ಹೋದ ಅಜ್ಞಾನಿಗಳು ಎಂಬ ಬಹುಕಾಲದ ತಿಳಿವಳಿಕೆ ಸುಳ್ಳಾಯಿತು.

ಅದೇ ಕಾಲದ ಇನ್ನೊಬ್ಬ ಪರ್ವತಾರೋಹಿ ಜಾರ್ಜ್ ಫಿಂಚ್. ರಸಾಯನಶಾಸ್ತ್ರಜ್ಞನಾದ ಆತನು 1922ರ ಎವರೆಸ್ಟ್ ಯಾತ್ರೆಗೆ ಬಲೂನಿಗೆ ಬಳಸುವ ಒತ್ತುಬಟ್ಟೆಯ ಎರಡು ಪದರಗಳ ನಡುವೆ ಬಾತುಹಕ್ಕಿಯ ನವುರಾದ ತುಪ್ಪುಳನ್ನು ತುಂಬಿ ಹೊಲಿಸಿದ ಕೋಟನ್ನು ತಂದನು. ಉಣ್ಣೆಯ ಕೋಟುಗಳ ನಡುವೆ ಆ ಉಬ್ಬಿದ ಉಡುಪು ಸಂಗಡಿಗರ ನಗೆಗೆ ಗುರಿಯಾಯಿತು. ಬೆಟ್ಟದ ಮೇಲಿನ ಗಾಳಿ ಬೀಸತೊಡಗಿದಾಗ ನಗು ಅಸೂಯೆಗೆ ತಿರುಗಿತು. ಆ ವರ್ಷ ಫಿಂಚ್ 8,300 ಮೀಟರಿಗೂ ಮೇಲೆ ಏರಿದನು. ಇಂದಿನ ಎಲ್ಲ ತುಪ್ಪುಳಿನ ಕೋಟುಗಳಿಗೆ ಆ ಕೋಟು ಪೂರ್ವಜ. ಇದೇ ಫಿಂಚ್ ಮುಂದೆ 1952ರಿಂದ 1957ರವರೆಗೆ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ನಿರ್ದೇಶಕನಾಗಿದ್ದನು. ಮಹಾರಾಷ್ಟ್ರದ ಕನ್ನಡ ಶಾಲೆಗಳ ಮಕ್ಕಳಿಗೆ ಈ ಸಂಗತಿ ಕುತೂಹಲಕರವಾದೀತು. ತುಪ್ಪುಳಿಗೂ ಒಂದು ಮಿತಿಯಿದೆ: ಒದ್ದೆಯಾದರೆ ಅದು ಮುದ್ದೆಗಟ್ಟಿ ತನ್ನ ಗಾಳಿಯನ್ನೆಲ್ಲ ಕಳೆದುಕೊಳ್ಳುತ್ತದೆ. ಒಣಹಿಮದ ನಾಡಿಗೆ ಅದು ಸರಿ. ವಯನಾಡಿನ ಜಡಿಮಳೆಗೆ ಅಲ್ಲ.

ಕೃತಕ ಎಳೆಗಳು ಬಂದದ್ದು ಆಮೇಲೆ. ನೈಲಾನನ್ನು ಅಮೆರಿಕದ ವ್ಯಾಲೇಸ್ ಕ್ಯಾರೊದರ್ಸ್ 1935ರಲ್ಲಿ ರೂಪಿಸಿದನು. ಪಾಲಿಯೆಸ್ಟರ್ ಎಳೆಯನ್ನು 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಕಂಡುಹಿಡಿದರು. ಪಾಲಿಯೆಸ್ಟರ್ ಎಳೆ ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ನೀರು ಎಳೆಗಳ ನಡುವಿನ ಸಂದಿಯಲ್ಲಿ ಮಾತ್ರ ಹರಿದು ಹೊರಮೈಯಲ್ಲಿ ಹರಡಿ ಬೇಗ ಆರುತ್ತದೆ. ಆಟಗಾರರ ಜೆರ್ಸಿಗಳನ್ನು ಅದರಿಂದ ಹೊಲಿಯುವುದು ಇದಕ್ಕಾಗಿಯೇ. ಅದೇ ಪಾಲಿಯೆಸ್ಟರನ್ನು ಕುರಿಯ ತುಪ್ಪಟದಂತೆ ಉಬ್ಬುವ ಹಾಗೆ ಕೆದರಿ ಮಾಡಿದ ‘ಫ್ಲೀಸ್’ ಬಟ್ಟೆ ನಡುಪದರಕ್ಕೆ ಒದಗುತ್ತದೆ. ಇದಕ್ಕೂ ದೋಷಗಳಿವೆ. ಬೆವರಿನ ವಾಸನೆಯನ್ನು ಅದು ಬೇಗ ಹಿಡಿಯುತ್ತದೆ. ಒಗೆದಾಗಲೆಲ್ಲ ಸೂಕ್ಷ್ಮ ಪ್ಲಾಸ್ಟಿಕ್ ಎಳೆಗಳು ಕಳಚಿ ನೀರಿಗೆ ಸೇರುತ್ತವೆ. ಉಪಾಧ್ಯಾಯರು ವಿಶೇಷವಾಗಿ ನೆನಪಿಡಬೇಕಾದ ದೋಷ ಇನ್ನೊಂದು: ಬೆಂಕಿಯ ಕಿಡಿ ಬಿದ್ದರೆ ಅದು ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಶಿಬಿರಾಗ್ನಿಯ ಸುತ್ತ ಮಕ್ಕಳನ್ನು ಕೂರಿಸುವಾಗ ಇಂಥ ಉಡುಪಿನ ಮಕ್ಕಳನ್ನು ಬೆಂಕಿಯಿಂದ ದೂರ ಇರಿಸಬೇಕು. ಉಣ್ಣೆಗೆ ಬೆಂಕಿ ಸುಲಭವಾಗಿ ಹತ್ತುವುದಿಲ್ಲ.

ಇನ್ನು ಹೊರಪದರ. ಗಾಳಿಯನ್ನು ತಡೆಯಲು ಎಳೆಗಿಂತಲೂ ನೇಯ್ಗೆ ಮುಖ್ಯ. ಹಾಸು ಮತ್ತು ಹೊಕ್ಕು ಎಷ್ಟು ಒತ್ತಾಗಿ ಕೂರುತ್ತವೆಯೋ ಅಷ್ಟರ ಮಟ್ಟಿಗೆ ಗಾಳಿ ನುಸುಳುವುದು ಕಡಿಮೆ. ಥಾಮಸ್ ಬರ್ಬೆರಿ 1879ರಲ್ಲಿ ರೂಪಿಸಿದ ಗ್ಯಾಬರ್ಡಿನ್ ಇಂಥದು; ನೂಲಿಗೇ ಮೊದಲು ನೀರು ತಡೆಯುವ ಲೇಪವನ್ನು ಕೊಟ್ಟು ಅದನ್ನು ಒತ್ತಾಗಿ ನೇಯುತ್ತಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ತಣ್ಣನೆಯ ಕಡಲಿಗೆ ಬೀಳುತ್ತಿದ್ದ ವಿಮಾನಚಾಲಕರನ್ನು ಉಳಿಸುವ ಸಲುವಾಗಿ ಮ್ಯಾಂಚೆಸ್ಟರಿನ ಶರ್ಲಿ ಸಂಸ್ಥೆಯ ವಿಜ್ಞಾನಿಗಳು ವೆಂಟೈಲ್ ಎಂಬ ಬಟ್ಟೆಯನ್ನು ಸಿದ್ಧಪಡಿಸಿದರು. ಅದು ಉದ್ದನೆಯ ಎಳೆಯ ಶುದ್ಧ ಹತ್ತಿಯ ಬಟ್ಟೆ. ಒಣಗಿರುವಾಗ ಅದರೊಳಗಿಂದ ಆವಿ ಹೊರಹೋಗುತ್ತದೆ. ನೀರು ತಗಲಿದಾಗ ಹತ್ತಿಯ ಎಳೆಗಳು ಉಬ್ಬಿ ಸಂದಿಗಳನ್ನು ತಾವೇ ಮುಚ್ಚಿಕೊಳ್ಳುತ್ತವೆ. ಬನಿಯನ್ನಿನಲ್ಲಿ ಮಗುವನ್ನು ನಡುಗಿಸಿದ ಹೀರುವ ಗುಣವೇ ಇಲ್ಲಿ ಚಾಲಕನ ಪ್ರಾಣವನ್ನು ಕಾಯಿತು. ಹತ್ತಿ ಕೆಟ್ಟದೇ ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ದೊರೆಯಲಾರದು.

1969ರಲ್ಲಿ ಅಮೆರಿಕದ ಬಾಬ್ ಗೋರ್ ಟೆಫ್ಲಾನ್ ಜಾತಿಯ ವಸ್ತುವನ್ನು ಬಿಸಿಮಾಡಿ ಥಟ್ಟನೆ ಎಳೆದಾಗ ಅದು ಅತಿ ಸಣ್ಣ ರಂಧ್ರಗಳುಳ್ಳ ಪೊರೆಯಾಯಿತು. ಗೋರ್-ಟೆಕ್ಸ್ ಎಂಬ ಹೆಸರಿನ ಆ ಪೊರೆ 1976ರಿಂದ ಮಳೆಯಂಗಿಗಳಲ್ಲಿ ಬಂದಿತು. ನೀರಿನ ಹನಿ ಆ ರಂಧ್ರದಲ್ಲಿ ತೂರದು, ಆವಿ ತೂರುತ್ತದೆ. ಆದರೆ ಆವಿ ತಾನಾಗಿ ಹೊರಡುವುದಿಲ್ಲ. ಒಳಗೆ ಹೆಚ್ಚು, ಹೊರಗೆ ಕಡಿಮೆ ಇದ್ದಾಗ ಮಾತ್ರ ಹೊರಡುತ್ತದೆ. ಜುಲೈ ತಿಂಗಳ ಕಾಸರಗೋಡು, ಗೋವೆಗಳ ಬೆಚ್ಚನೆಯ ಮಳೆಗಾಳಿ ನೀರಾವಿಯಿಂದ ಮೊದಲೇ ತುಂಬಿರುತ್ತದೆ. ಅಲ್ಲಿ ಎಷ್ಟು ಬೆಲೆಯ ಮಳೆಯಂಗಿ ತೊಟ್ಟರೂ ನಡೆಯುವವನು ಒಳಗಿನಿಂದಲೇ ಬೆವರಿ ತೊಯ್ಯುತ್ತಾನೆ. ಇಂಥ ಅಂಗಿಗಳ ಮೇಲೆ ಹಚ್ಚುವ ಫ್ಲೋರಿನ್‌ಯುಕ್ತ ಲೇಪಗಳು ಮಣ್ಣುನೀರುಗಳಲ್ಲಿ ಬಹುಕಾಲ ನಾಶವಾಗದೆ ಉಳಿಯುತ್ತವೆ ಎಂಬ ಕಾರಣದಿಂದ ಹಲವು ದೇಶಗಳಲ್ಲಿ ಅವುಗಳ ಬಳಕೆಯನ್ನು ಕಡಿಮೆ ಮಾಡಲಾಗುತ್ತಿದೆ.

ಕಾಸರಗೋಡಿನ ಗದ್ದೆಗಳಲ್ಲಿ ನೇಜಿ ನೆಡುವವರು ಬೆನ್ನಿನ ಮೇಲೆ ಕವಿದುಕೊಳ್ಳುತ್ತಿದ್ದ ಗೊರಬನ್ನು ಈ ಸಂದರ್ಭದಲ್ಲಿ ನೆನೆಯಬೇಕು. ಗರಿಗಳಿಂದ ಹೆಣೆದ ಆ ಹೊದಿಕೆ ಬಾಗಿದ ಬೆನ್ನನ್ನೂ ತಲೆಯನ್ನೂ ಮುಚ್ಚುತ್ತದೆ, ಮೈಗೆ ಅಂಟುವುದಿಲ್ಲ. ಕೆಳಗೆಲ್ಲ ತೆರೆದಿರುವುದರಿಂದ ಗಾಳಿ ಆಡುತ್ತದೆ, ಬೆವರು ಆರುತ್ತದೆ, ಎರಡು ಕೈಗಳೂ ಕೆಲಸಕ್ಕೆ ಬಿಡುವಾಗಿರುತ್ತವೆ. ಬೆಚ್ಚನೆಯ ಮಳೆಯ ನಾಡಿನಲ್ಲಿ ಮಳೆಯನ್ನು ತಡೆಯುವಷ್ಟೇ ಗಾಳಿಯನ್ನು ಆಡಗೊಡುವುದೂ ಅಗತ್ಯವೆಂದು ಅದನ್ನು ಹೆಣೆದವರಿಗೆ ತಿಳಿದಿತ್ತು. ಇಂದು ಕೊಡೆಯೂ ಸಡಿಲವಾದ ಮಳೆಹೊದಿಕೆಯೂ ಅದೇ ತತ್ತ್ವವನ್ನು ಅನುಸರಿಸುತ್ತವೆ. ಬೀಸುಗಾಳಿಯ ಬೆಟ್ಟದ ತುದಿಯಲ್ಲಿ ಮಾತ್ರ ಕೊಡೆ ನಿಲ್ಲದು; ಅಲ್ಲಿ ಮೈಗೆ ಕಟ್ಟಿಕೊಳ್ಳುವ ಮಳೆಯಂಗಿಯೇ ಬೇಕು.

ಇಷ್ಟನ್ನೂ ತಿಳಿದ ಉಪಾಧ್ಯಾಯರು ಪ್ರವಾಸಕ್ಕೆ ಮುನ್ನ ಪೋಷಕರಿಗೆ ಏನು ಬರೆಯಬೇಕು? ಕೊಳ್ಳಬೇಕಾದ ವಸ್ತುಗಳ ಪಟ್ಟಿಯನ್ನು ಬರೆದರೆ ಕೆಲವು ಮಕ್ಕಳು ಪ್ರವಾಸಕ್ಕೇ ಬಾರದೆ ಹೋದಾರು. ಸಾವಿರಾರು ರೂಪಾಯಿಗಳ ಮಳೆಯಂಗಿಯನ್ನು ಕೂಲಿಯವರ ಮನೆಯಿಂದ ಅಪೇಕ್ಷಿಸಲಾಗದು. ಮನೆಯಲ್ಲಿ ಇರುವುದನ್ನೇ ಸರಿಯಾದ ಸ್ಥಾನದಲ್ಲಿ ಬಳಸುವಂತೆ ಬರೆಯುವುದು ವಿವೇಕ. ಚಳಿಯ ಬೆಟ್ಟಕ್ಕಾದರೆ ಒಳಗೆ ಹತ್ತಿಯ ಬನಿಯನ್ನಿನ ಬದಲು ಆಟದ ಪಾಲಿಯೆಸ್ಟರ್ ಜೆರ್ಸಿ; ಅದರ ಮೇಲೆ ಸ್ವೆಟರ್. ಅಂಗಡಿಗಳಲ್ಲಿ ಉಣ್ಣೆಯೆಂದು ಮಾರುವ ಎಷ್ಟೋ ಸ್ವೆಟರುಗಳು ಅಕ್ರಿಲಿಕ್ ಎಳೆಯವು; ನಡುಪದರಕ್ಕೆ ಅವೂ ಸಲ್ಲುತ್ತವೆ. ಎಲ್ಲಕ್ಕಿಂತ ಮೇಲೆ ಒತ್ತುಬಟ್ಟೆಯ ಕೋಟು ಅಥವಾ ಸಾಧಾರಣ ಪ್ಲಾಸ್ಟಿಕ್ ಮಳೆಯಂಗಿ. ಜೀನ್ಸ್ ದಪ್ಪವೆಂಬ ಕಾರಣಕ್ಕೆ ಬೆಚ್ಚಗೆಂದು ತಿಳಿಯುವವರು ಬಹಳ. ಅದು ದಪ್ಪನೆಯ ಹತ್ತಿ, ನೆನೆದರೆ ಭಾರವಾಗಿ ದಿನವಿಡೀ ಆರದು. ಜೆರ್ಸಿಯೇ ಇಲ್ಲದ ಮಗುವಿಗೆ ಎರಡು ಬನಿಯನ್ನುಗಳು ಸಾಕು: ಒಂದನ್ನು ತೊಟ್ಟು ಹತ್ತಲಿ, ಇನ್ನೊಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಯ್ಯಲಿ, ತುದಿ ಮುಟ್ಟಿದ ಕೂಡಲೇ ಬದಲಿಸಲಿ. ಒಣಗಿದ ಹತ್ತಿ ಒದ್ದೆಯಾದ ಯಾವ ಬಟ್ಟೆಗಿಂತಲೂ ಬೆಚ್ಚಗೆ. ಒಂದು ಜೊತೆ ಒಣ ಕಾಲುಚೀಲವೂ ಕಿವಿ ಮುಚ್ಚುವ ಟೋಪಿಯೂ ಜೊತೆಗಿರಲಿ.

ಬಟ್ಟೆಯಷ್ಟೇ ಮುಖ್ಯವಾದುದು ಅದನ್ನು ತೊಡುವ ಸಮಯ. ಹೊರಡುವಾಗ ತುಸು ಚಳಿಯೆನಿಸುವಷ್ಟು ಮಾತ್ರ ತೊಡಬೇಕು; ನಡೆದರೆ ಮೈ ತಾನೇ ಬಿಸಿಯಾಗುತ್ತದೆ. ಬೆವರು ಇಳಿಯುವುದಕ್ಕೆ ಮೊದಲೇ ಸ್ವೆಟರ್ ಕಳಚಬೇಕು. ನಿಂತ ಕೂಡಲೇ, ಚಳಿ ಹತ್ತುವುದಕ್ಕೆ ಮೊದಲೇ, ಮತ್ತೆ ತೊಡಬೇಕು. ಮಕ್ಕಳು ಇದನ್ನು ತಾವಾಗಿ ಮಾಡುವುದಿಲ್ಲ. ಆಟದ ಭರದಲ್ಲಿ ಮರೆಯುತ್ತಾರೆ. ಏರಿನ ಮಧ್ಯದಲ್ಲಿ ಒಮ್ಮೆ, ತುದಿಯಲ್ಲಿ ಒಮ್ಮೆ ಎಲ್ಲರನ್ನೂ ನಿಲ್ಲಿಸಿ ಹೇಳುವ ಹೊಣೆ ಉಪಾಧ್ಯಾಯರದು. ಹತ್ತಿಯ ಸೀರೆ, ಹತ್ತಿಯ ಅಂಗಿಗಳಲ್ಲಿ ಬೆಟ್ಟ ಹತ್ತುವ ಉಪಾಧ್ಯಾಯಿನಿಯರು ಮತ್ತು ಉಪಾಧ್ಯಾಯರು ಈ ಮಾತನ್ನು ತಮಗೂ ಅನ್ವಯಿಸಿಕೊಳ್ಳುವುದು ಒಳ್ಳೆಯದು.

ಇದೆಲ್ಲವನ್ನೂ ಉಪದೇಶವಾಗಿ ಹೇಳುವುದಕ್ಕಿಂತ ತರಗತಿಯಲ್ಲಿ ಪ್ರಯೋಗವಾಗಿ ತೋರಿಸಿದರೆ ಮಕ್ಕಳ ಮನಸ್ಸಿನಲ್ಲಿ ನಿಲ್ಲುತ್ತದೆ. ಮೂರು ಸರಳ ಪ್ರಯೋಗಗಳು ಸಾಕು.

ಮೊದಲನೆಯದು: ಹಳೆಯ ಬನಿಯನ್ನು, ಹಳೆಯ ಜೆರ್ಸಿ, ಕಂಬಳಿಯ ತುಂಡು ಇವುಗಳಿಂದ ಒಂದೇ ತೂಕದ ಮೂರು ಚೂರುಗಳನ್ನು ಕತ್ತರಿಸಿಕೊಂಡು, ಪ್ರತಿಯೊಂದರ ಮೇಲೆ ಒಂದು ಹನಿ ನೀರನ್ನು ಬಿಡುವುದು. ಯಾವುದರಲ್ಲಿ ಹನಿ ಕೂಡಲೇ ಇಂಗುತ್ತದೆ, ಯಾವುದರ ಮೇಲೆ ಮಣಿಯಂತೆ ನಿಲ್ಲುತ್ತದೆ ಎಂಬುದನ್ನು ಮಕ್ಕಳು ಬರೆದುಕೊಳ್ಳಲಿ.

ಎರಡನೆಯದು: ಅವೇ ಚೂರುಗಳನ್ನು ನೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ತೂಗಿ, ನೆರಳಿನಲ್ಲಿ ಹರವಿ, ಅರ್ಧ ಗಂಟೆಗೊಮ್ಮೆ ತೂಗುವುದು. ತೂಕ ಇಳಿಯುವ ರೇಖಾನಕ್ಷೆಯನ್ನು ಎಳೆದರೆ ಗಣಿತದ ಪಾಠವೂ ಆಯಿತು.

ಮೂರನೆಯದು: ಒಂದೇ ಅಳತೆಯ ನಾಲ್ಕು ಸೀಸೆಗಳಲ್ಲಿ ಒಂದೇ ಉಷ್ಣತೆಯ, ಕೈಗೆ ಸಹಿಸುವಷ್ಟು ಬಿಸಿಯಾದ ನೀರನ್ನು ತುಂಬಿ, ಒಂದಕ್ಕೆ ಒಣ ಹತ್ತಿಬಟ್ಟೆ, ಇನ್ನೊಂದಕ್ಕೆ ಒದ್ದೆಯಾದ ಹತ್ತಿಬಟ್ಟೆ, ಮೂರನೆಯದಕ್ಕೆ ಒದ್ದೆಯಾದ ಉಣ್ಣೆಬಟ್ಟೆ, ನಾಲ್ಕನೆಯದಕ್ಕೆ ಒದ್ದೆ ಹತ್ತಿಯ ಮೇಲೆ ಪ್ಲಾಸ್ಟಿಕ್ ಹಾಳೆಯನ್ನು ಸುತ್ತುವುದು. ನಾಲ್ಕನ್ನೂ ಗಾಳಿಯಲ್ಲಿರಿಸಿ ಐದೈದು ನಿಮಿಷಕ್ಕೆ ಉಷ್ಣಮಾಪಕದಿಂದ ನೋಡಿದರೆ ಆವಿಯಾಗುವಿಕೆಯೂ ಗಾಳಿಯ ಪ್ರಭಾವವೂ ಹೊರಪದರದ ಉಪಯೋಗವೂ ಒಟ್ಟಿಗೆ ಕಾಣುತ್ತವೆ. ಫಲಿತಾಂಶವನ್ನು ಉಪಾಧ್ಯಾಯರು ಮೊದಲೇ ಹೇಳಬಾರದು. ಮಕ್ಕಳು ಊಹಿಸಿ ಬರೆದಿಟ್ಟು ಆಮೇಲೆ ಹೋಲಿಸಿ ನೋಡಲಿ. ಊಹೆ ತಪ್ಪಿದ ಮಗುವೇ ಹೆಚ್ಚು ಕಲಿಯುತ್ತದೆ.

ಈ ಪ್ರಯೋಗಗಳಿಗೆ ಬೇಕಾದ ಮಾತುಗಳಲ್ಲಿ ಹೆಚ್ಚಿನವು ಮಕ್ಕಳ ಮನೆಯಲ್ಲಿಯೇ ಇವೆ. ಒದ್ದೆ, ತೇವ, ಪಸೆ, ಹಿಂಡು, ಆರು, ಹಾಸು, ಹೊಕ್ಕು, ಹುರಿ, ತುಪ್ಪಟ, ಕೊಪ್ಪೆ, ಗೊರಬು ಇವು ವಿಜ್ಞಾನ ಪಾಠಕ್ಕೆ ಹೊರಗಿನ ಮಾತುಗಳಲ್ಲ. ಶಾಲೆಯ ಹೊರಗೆ ಮಲಯಾಳ, ತಮಿಳು, ಮರಾಠಿ, ತೆಲುಗು, ಕೊಂಕಣಿಗಳ ನಡುವೆ ಬದುಕುವ ಮಗು ತನ್ನ ಅಜ್ಜಿಯ ಬಾಯಿಯ ಕನ್ನಡದಿಂದಲೇ ಉಷ್ಣವಿಜ್ಞಾನದ ಒಂದು ಸೂಕ್ಷ್ಮ ಭೇದವನ್ನು ಹೇಳಬಲ್ಲದು ಎಂದು ತಿಳಿದಾಗ, ಆ ಭಾಷೆ ಅಡುಗೆಮನೆಗೆ ಮಾತ್ರ ಸಾಕೆಂಬ ಸಂಕೋಚ ಅದಕ್ಕೆ ಇರಲಾರದು. ಮನೆಯಿಂದ ಒಂದೊಂದು ಬಟ್ಟೆಯ ಚೂರನ್ನೂ ಅದರ ಹೆಸರನ್ನೂ ಅದನ್ನು ನೇಯುವ ಬಗೆಯನ್ನೂ ಕೇಳಿಕೊಂಡು ಬರುವಂತೆ ಮಕ್ಕಳಿಗೆ ಹೇಳಿದರೆ, ಪಠ್ಯಪುಸ್ತಕದಲ್ಲಿಲ್ಲದ ಎಷ್ಟೋ ಮಾತುಗಳು ತರಗತಿಗೆ ಬರುತ್ತವೆ.

ಪ್ರವಾಸಕ್ಕೆ ಒಂದು ವಾರ ಮೊದಲು ಈ ಪಾಠವನ್ನು ಮಾಡಿ ಮುಗಿಸಿದ ಶಾಲೆಯಲ್ಲಿ, ಬೆಟ್ಟದ ತುದಿಯಲ್ಲಿ ಗಾಳಿ ಬೀಸಿದಾಗ ಉಪಾಧ್ಯಾಯರು ಹೇಳುವುದಕ್ಕೆ ಮೊದಲೇ ಮಕ್ಕಳು ಚೀಲ ಬಿಚ್ಚಿ ಒಣ ಬನಿಯನ್ನನ್ನು ಹೊರತೆಗೆಯುವರು. ಪಕ್ಕದಲ್ಲಿ ಸುಮ್ಮನೆ ಕೂತ ಗೆಳೆಯನ ಬೆನ್ನನ್ನು ಮುಟ್ಟಿ ನೋಡಿ, ‘ಇವನ ಬನಿಯನ್ನು ಒದ್ದೆಯಾಗಿದೆ, ಸಾರ್’ ಎಂದು ಅವರಲ್ಲಿ ಯಾರಾದರೊಬ್ಬರು ಹೇಳುವರು. ಪಾಠ ಸಫಲವಾಯಿತೆಂಬುದಕ್ಕೆ ಅಷ್ಟು ಸಾಕು.